ಬಾಯಿ ಕ್ಯಾನ್ಸರ್ ಮತ್ತು ಬಿಳಿ ರಕ್ತಕಣ: ಪ್ರಯೋಗಾಲಯದ ತಟ್ಟೆಯಲ್ಲಿ ಮುಖಾಮುಖಿ

ಬಾಯಿಯಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹುಟ್ಟುವುದು ಬಾಯಿಯ ಒಳಮೈಯನ್ನು ಹೊದ್ದಿರುವ ಚಪ್ಪಟೆ ಕೋಶಗಳ ಪದರದಲ್ಲಿ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂದು ಅದರ ಹೆಸರು. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ಗೆ ಹೊಸದಾಗಿ ತುತ್ತಾದವರು ಸುಮಾರು 3.9 ಲಕ್ಷ ಮಂದಿ, ಅವರಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನ ಭಾರತೀಯರು. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗ ಹೆಚ್ಚಾಗಿ ನಾಲಿಗೆಯಲ್ಲಿ ಮತ್ತು ಅದರ ಕೆಳಗಿನ ಬಾಯಿತಳದಲ್ಲಿ ಕಾಣುತ್ತದೆ. ಭಾರತದಲ್ಲಿ ಹೆಚ್ಚು ಕಾಣುವುದು ಕೆನ್ನೆಯ ಒಳಭಾಗ, ಕೆಳ ಒಸಡು ಮತ್ತು ಅವೆರಡರ ನಡುವಿನ ಸಂದಿಯಲ್ಲಿ. ಹೊಗೆಸೊಪ್ಪು, ಅಡಿಕೆ, ಗುಟ್ಕಾ ಗಂಟೆಗಟ್ಟಲೆ ಕೂತಿರುವ ಜಾಗವೇ ಅದು.

ಇಂಥ ಗಡ್ಡೆಯಿಂದ ತೆಗೆದ ತೆಳು ಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಕ್ಯಾನ್ಸರ್ ಕೋಶಗಳಷ್ಟೇ ಕಾಣುವುದಿಲ್ಲ. ಅವುಗಳ ಸುತ್ತ ನಾರುಗಳನ್ನು ನೇಯುವ ಫೈಬ್ರೊಬ್ಲಾಸ್ಟ್‌ಗಳಿರುತ್ತವೆ, ಹೊಸ ರಕ್ತನಾಳಗಳಿರುತ್ತವೆ, ಎಲ್ಲಕ್ಕಿಂತ ಮಿಗಿಲಾಗಿ ಬಿಳಿ ರಕ್ತಕಣಗಳ ದಂಡೇ ಇರುತ್ತದೆ. ಟಿ ಕೋಶಗಳು, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು, ಮ್ಯಾಕ್ರೊಫೇಜ್‌ಗಳು ಅಲ್ಲಿಗೆ ಬಂದು ತಲುಪಿರುತ್ತವೆ. ಆದರೂ ಗಡ್ಡೆ ಬೆಳೆಯುತ್ತಲೇ ಹೋಗುತ್ತದೆ. ಶತ್ರುವಿನ ಪಕ್ಕದಲ್ಲೇ ನಿಂತ ರೋಗನಿರೋಧಕ ಕೋಶಗಳು ಯಾಕೆ ಸುಮ್ಮನಾಗುತ್ತವೆ? ಬಾಯಿ ಕ್ಯಾನ್ಸರ್ ಸಂಶೋಧನೆಯ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು. ರೋಗಿಯ ಬಾಯಿಯಲ್ಲಿ ದಿನಕ್ಕೊಂದು ಪ್ರಯೋಗ ಮಾಡಿ ಉತ್ತರ ಹುಡುಕಲು ಸಾಧ್ಯವಿಲ್ಲ, ಮಾಡಲೂಬಾರದು. ಹಾಗಾಗಿ ಕೋಶಗಳನ್ನು ದೇಹದ ಹೊರಗೆ ಬದುಕಿಸಿ, ಅಲ್ಲಿ ಅವುಗಳ ನಡವಳಿಕೆಯನ್ನು ನೋಡುವ ಕೋಶ ಕೃಷಿಯ ಮಾದರಿಗಳು ಬೇಕಾಗುತ್ತವೆ.

ದೇಹದ ಹೊರಗೆ ಕೋಶ ಬದುಕಬಲ್ಲದು ಎಂಬುದು 1907ರಲ್ಲೇ ಗೊತ್ತಾಯಿತು. ಅಮೆರಿಕದ ರಾಸ್ ಹ್ಯಾರಿಸನ್ ಆ ವರ್ಷ ಕಪ್ಪೆಯ ಭ್ರೂಣದ ನರಕೋಶಗಳನ್ನು ದುಗ್ಧರಸದ ಹನಿಯಲ್ಲಿಟ್ಟು ಅವುಗಳಿಂದ ತಂತುಗಳು ಬೆಳೆಯುವುದನ್ನು ತೋರಿಸಿದರು. ಇವತ್ತಿನ ವಿಧಾನ ಅದಕ್ಕಿಂತ ಬಹಳ ಪಳಗಿದ್ದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರು ತಣ್ಣನೆಯ ದ್ರಾವಣದಲ್ಲಿ ಪ್ರಯೋಗಾಲಯಕ್ಕೆ ಬರುತ್ತದೆ. ಬಾಯಿ ಬ್ಯಾಕ್ಟೀರಿಯಾಗಳ ಬೀಡಾದ್ದರಿಂದ ಮೊದಲ ಕೆಲಸ ತೊಳೆಯುವುದು: ಪ್ರತಿಜೀವಕ, ಶಿಲೀಂಧ್ರನಾಶಕ ಬೆರೆಸಿದ ದ್ರಾವಣದಲ್ಲಿ ಮತ್ತೆ ಮತ್ತೆ. ಇಷ್ಟೆಲ್ಲ ಮಾಡಿದರೂ ಸೋಂಕು ತಗುಲಿ ಕೆಟ್ಟುಹೋಗುವ ಮಾದರಿಗಳು ಉಳಿದ ಹಲವು ಅಂಗಗಳ ಗಡ್ಡೆಗಳಿಗಿಂತ ಬಾಯಿಯ ಗಡ್ಡೆಗಳಲ್ಲಿ ಜಾಸ್ತಿ. ಆಮೇಲೆ ಚೂರನ್ನು ಒಂದು ಮಿಲಿಮೀಟರ್ ಗಾತ್ರದ ತುಣುಕುಗಳಾಗಿ ಕತ್ತರಿಸಿ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಸುತ್ತಾರೆ, ಇಲ್ಲವೇ ಕಿಣ್ವ ಬಳಸಿ ಕೋಶಗಳನ್ನು ಬಿಡಿಬಿಡಿಯಾಗಿ ಬಿಡಿಸುತ್ತಾರೆ. ಮೇಲೆ ಪೋಷಕ ದ್ರವ ಎರೆದು, 37 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೋಷಕ ದ್ರವಕ್ಕೆ ಬೆರೆಸಿದ ಫೀನಾಲ್ ರೆಡ್ ಎಂಬ ಬಣ್ಣ ಕೆಂಪಿನಿಂದ ಹಳದಿಗೆ ತಿರುಗಿತೆಂದರೆ ದ್ರವ ಆಮ್ಲೀಯವಾಗಿದೆ, ಬದಲಿಸಬೇಕು ಎಂದರ್ಥ.

ಕೆಲವು ದಿನಗಳಲ್ಲಿ ತುಣುಕಿನ ಅಂಚಿನಿಂದ ಕೋಶಗಳು ಹೊರಗೆ ಹರಡತೊಡಗುತ್ತವೆ. ಕ್ಯಾನ್ಸರ್ ಆದ ಎಪಿಥೀಲಿಯಂ (ಒಳಮೈ ಹೊದಿಕೆಯ) ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಅಂಗಳಕ್ಕೆ ಹಾಸಿದ ಚಪ್ಪಡಿಗಳಂತೆ ಕಾಣುತ್ತವೆ. ಪಕ್ಕದಲ್ಲೇ ಉದ್ದುದ್ದ, ಎರಡೂ ತುದಿ ಮೊನಚಾದ ಫೈಬ್ರೊಬ್ಲಾಸ್ಟ್‌ಗಳೂ ಏಳುತ್ತವೆ. ತೊಡಕು ಇರುವುದು ಇಲ್ಲೇ. ಫೈಬ್ರೊಬ್ಲಾಸ್ಟ್‌ಗಳ ಬೆಳವಣಿಗೆ ಬಲು ಬಿರುಸು. ಗಮನಿಸದೆ ಬಿಟ್ಟರೆ ತಟ್ಟೆಯನ್ನೆಲ್ಲ ಅವೇ ತುಂಬಿಬಿಡುತ್ತವೆ. ಅವನ್ನು ತೆಗೆಯಲು ಒಂದು ಸರಳ ಉಪಾಯವಿದೆ. ಟ್ರಿಪ್ಸಿನ್ ಕಿಣ್ವ ಸೋಕಿದಾಗ ತಟ್ಟೆಯಿಂದ ಮೊದಲು ಕಳಚಿಕೊಳ್ಳುವುದು ಫೈಬ್ರೊಬ್ಲಾಸ್ಟ್‌ಗಳೇ. ಎಪಿಥೀಲಿಯಂ ಕೋಶಗಳು ಇನ್ನೂ ಸ್ವಲ್ಪ ಹೊತ್ತು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ಕೆಲವು ನಿಮಿಷಗಳ ಅಂತರದಲ್ಲಿ ತೊಳೆದು ತೆಗೆದರೆ ಬೇಕಾದ ಕೋಶಗಳು ಉಳಿಯುತ್ತವೆ. ಹೀಗೆ ಬೆಳೆದವುಗಳಲ್ಲಿ ಬಹುಪಾಲು ಕೆಲವೇ ಪೀಳಿಗೆಗಳಲ್ಲಿ ನಿಂತುಹೋಗುತ್ತವೆ. ಅಪರೂಪಕ್ಕೆ ಒಂದು ಗುಂಪು ನಿಲ್ಲದೆ ವಿಭಜನೆಗೊಳ್ಳುತ್ತ ಹೋಗುತ್ತದೆ. ಅದಕ್ಕೆ ಕೋಶ ತಳಿ ಎನ್ನುತ್ತಾರೆ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟರೆ ದಶಕಗಳ ನಂತರವೂ ಅದನ್ನು ಎಬ್ಬಿಸಬಹುದು.

ಮನುಷ್ಯನ ಮೊದಲ ಅಮರ ಕೋಶ ತಳಿ 1951ರದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ ಜಾರ್ಜ್ ಗೈ ಅದನ್ನು ಬೆಳೆಸಿದರು. ಲ್ಯಾಕ್ಸ್ ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಹೀಲಾ ಎಂಬ ಹೆಸರಿನ ಆ ಕೋಶಗಳು ಮಾತ್ರ ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಹರಡಿದವು. ಬಾಯಿ ಕ್ಯಾನ್ಸರ್‌ನ ಕತೆಗೂ ಹೀಲಾಗೂ ಒಂದು ಕಹಿ ನಂಟಿದೆ.

1950ರ ದಶಕದ ನಡುವಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಹ್ಯಾರಿ ಈಗಲ್ ಬಾಯಿ ಕ್ಯಾನ್ಸರ್‌ನಿಂದ ಬೆಳೆಸಿದ್ದೆಂದು ಕೆಬಿ ಎಂಬ ತಳಿಯನ್ನು ಪರಿಚಯಿಸಿದರು. ಸುಲಭವಾಗಿ ಬೆಳೆಯುತ್ತಿದ್ದ ಕೆಬಿ ಬೇಗನೆ ಜನಪ್ರಿಯವಾಯಿತು. ಗಿಡಮರಗಳ ಸಾರದಲ್ಲಿ ಕ್ಯಾನ್ಸರ್ ಔಷಧ ಹುಡುಕುವ ಅಮೆರಿಕದ ದೊಡ್ಡ ಯೋಜನೆಯಲ್ಲಿ ಮೊದಲ ಜರಡಿಯಾಗಿ ಬಳಕೆಯಾದದ್ದು ಇದೇ. ಪೆಸಿಫಿಕ್ ಯೂ ಮರದ ತೊಗಟೆಯ ಸಾರ ಕೋಶಗಳನ್ನು ಕೊಲ್ಲುತ್ತದೆ ಎಂದು 1964ರಲ್ಲಿ ಗೊತ್ತಾದದ್ದೂ ಕೆಬಿ ತಟ್ಟೆಗಳಲ್ಲೇ. ಆ ಸಾರದಿಂದ ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಬಂತು. ಆದರೆ 1960ರ ದಶಕದಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಬೇರೆ ಬೇರೆ ಅಂಗಗಳದ್ದೆಂದು ಹೇಳಲಾದ 18 ಕೋಶ ತಳಿಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಒಂದೇ ಬಗೆಯ ಕಿಣ್ವ ಕಂಡಿತು. ಆ ಬಗೆ ಇರುವುದು ಆಫ್ರಿಕಾ ಮೂಲದ ಜನರಲ್ಲಿ. ಅವೆಲ್ಲವೂ ಹೀಲಾ ನುಗ್ಗಿ ಆಕ್ರಮಿಸಿದ ತಟ್ಟೆಗಳಾಗಿದ್ದವು. ಮುಂದೆ ಕೆಬಿಯೂ ಹೀಲಾ ಎಂದೇ ಕಿಣ್ವ, ವರ್ಣತಂತು ಮತ್ತು ಡಿಎನ್‌ಎ ಪರೀಕ್ಷೆಗಳಲ್ಲಿ ದೃಢಪಟ್ಟಿತು. ಬಾಯಿ ಕ್ಯಾನ್ಸರ್ ಎಂದುಕೊಂಡು ಮಾಡಿದ ಪ್ರಯೋಗಗಳು ವಾಸ್ತವದಲ್ಲಿ ಗರ್ಭಕಂಠದ ಕ್ಯಾನ್ಸರ್ ಮೇಲೆ ನಡೆದಿದ್ದವು. ಇದು ಗೊತ್ತಾಗಿ ದಶಕಗಳು ಕಳೆದ ಮೇಲೂ ಕೆಬಿಯನ್ನು ಬಾಯಿ ಕ್ಯಾನ್ಸರ್ ಎಂದು ಕರೆದ ಲೇಖನಗಳು ಅಚ್ಚಾಗುತ್ತಲೇ ಬಂದವು. ವಿಜ್ಞಾನದಲ್ಲಿ ಇದಕ್ಕಿಂತ ದುಬಾರಿಯಾದ ಅಸಡ್ಡೆ ಹುಡುಕುವುದು ಕಷ್ಟ. ಇಂದು ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಪರೀಕ್ಷೆ ಅಗ್ಗವಾಗಿದೆ; ಅದಿಲ್ಲದೆ ಯಾವ ಕೋಶ ತಳಿಯ ಫಲಿತಾಂಶವನ್ನೂ ನಂಬಬೇಕಾಗಿಲ್ಲ.

ನಿಜವಾದ ಬಾಯಿ ಕ್ಯಾನ್ಸರ್ ತಳಿಗಳು ಬಂದದ್ದು ಬಾಯಿಯ ಕೋಶಗಳಿಗೆ ಹೊಂದುವ ಆಹಾರ, ಆಸರೆ ಏನೆಂದು ತಿಳಿದ ಮೇಲೆ. ಇಲಿಯ ಫೈಬ್ರೊಬ್ಲಾಸ್ಟ್‌ಗಳನ್ನು ವಿಕಿರಣದಿಂದ ಬೆಳವಣಿಗೆ ನಿಲ್ಲಿಸಿ, ಹಾಸಿನಂತೆ ಹರಡಿ, ಅದರ ಮೇಲೆ ಮನುಷ್ಯನ ಚರ್ಮಕೋಶ ಬೆಳೆಸುವ ವಿಧಾನವನ್ನು ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ 1975ರಲ್ಲಿ ತೋರಿಸಿದರು. 1981ರಲ್ಲಿ ರೈನ್‌ವಾಲ್ಡ್ ಮತ್ತು ಬೆಕೆಟ್ ಎಸ್‌ಸಿಸಿ-4, 9, 15, 25 ಮೊದಲಾದ ತಳಿಗಳನ್ನು ಕೊಟ್ಟರು. ಈ ನಾಲ್ಕೂ ನಾಲಿಗೆಯ ಗಡ್ಡೆಗಳಿಂದ ಬಂದವು. ಫ್ರಾನ್ಸಿನ ಕ್ಯಾಲ್-27 ಕೂಡ ನಾಲಿಗೆಯದ್ದು, ಜಪಾನಿನ ಎಚ್‌ಎಸ್‌ಸಿ-3 ಕೂಡ ನಾಲಿಗೆಯದ್ದೇ. ಜಗತ್ತಿನ ಬಾಯಿ ಕ್ಯಾನ್ಸರ್ ಸಂಶೋಧನೆಯ ದೊಡ್ಡ ಪಾಲು ಈ ಕೆಲವೇ ನಾಲಿಗೆಗಳ ಮೇಲೆ ನಿಂತಿದೆ. ಅಡಿಕೆ ಜಗಿದ ಕೆನ್ನೆ, ಹೊಗೆಸೊಪ್ಪು ಇಟ್ಟ ಒಸಡು ಅದರಲ್ಲಿಲ್ಲ.

ಈ ಕೊರತೆ ಬರಿಯ ಅಭಿಮಾನದ ಮಾತಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಯೋಜನೆಯಲ್ಲಿ ಭಾರತ ಆರಿಸಿಕೊಂಡದ್ದು ಒಸಡು–ಕೆನ್ನೆಯ ಕ್ಯಾನ್ಸರ್ ಅನ್ನು. ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬಯಿಯ ಆ್ಯಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸೇರಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಟಿಪಿ53, ನಾಚ್1ರಂಥ ಪರಿಚಿತ ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಎಂಎಲ್ಎಲ್4, ಎಆರ್‌ಐಡಿ2 ಮೊದಲಾದ, ಈ ಜಾಗದ ಕ್ಯಾನ್ಸರ್‌ಗೇ ವಿಶಿಷ್ಟವೆನಿಸಿದ ಬದಲಾವಣೆಗಳೂ ಕಂಡವು. ಕ್ಯಾಸ್ಪೇಸ್-8 ಎಂಬ ಜೀನ್ ಕೂಡ ಪಟ್ಟಿಯಲ್ಲಿತ್ತು. ಟಿ ಕೋಶ ಬಂದು ಕ್ಯಾನ್ಸರ್ ಕೋಶಕ್ಕೆ ಸಾಯುವ ಸೂಚನೆ ಕೊಡುವ ಹಾದಿಗಳಲ್ಲೊಂದು ಸಾಗುವುದು ಈ ಕ್ಯಾಸ್ಪೇಸ್-8 ಮೂಲಕವೇ. ಅದು ಕೆಟ್ಟಿದ್ದರೆ ಸೂಚನೆ ಬಂದರೂ ಕೋಶ ಸಾಯುವುದಿಲ್ಲ. ಇಂಥ ಬದಲಾವಣೆ ಇರುವ ಕೋಶ ತಳಿಯೇ ಕೈಯಲ್ಲಿಲ್ಲದಿದ್ದರೆ ಅದರ ಪರಿಣಾಮ ಅಳೆಯುವುದು ಎಲ್ಲಿ?

ಭಾರತದಲ್ಲಿ ಪ್ರಯತ್ನಗಳು ನಡೆದಿವೆ. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಎಡಬ್ಲ್ಯು13516 ಮತ್ತು ಎಡಬ್ಲ್ಯು8507 ಮೊದಲಾದ ತಳಿಗಳನ್ನು ಬೆಳೆಸಿತು, ಈ ಎರಡೂ ನಾಲಿಗೆಯವೇ. ಬೆಂಗಳೂರಿನ ಮಜುಂದಾರ್ ಶಾ ಮೆಡಿಕಲ್ ಫೌಂಡೇಶನ್‌ನ ಸಂಶೋಧಕರು ಚಟಗಳಿಲ್ಲದ ಇಬ್ಬರು ನಾಲಿಗೆ ಕ್ಯಾನ್ಸರ್ ರೋಗಿಗಳಿಂದ ಕ್ಯಾನ್ಸರ್ ಕೋಶ ಮತ್ತು ಅದೇ ಗಡ್ಡೆಯ ಫೈಬ್ರೊಬ್ಲಾಸ್ಟ್ ಎರಡನ್ನೂ ಜೋಡಿಯಾಗಿ ಬೆಳೆಸಿದ್ದಾರೆ. ಒಬ್ಬರದೇ ಗಡ್ಡೆಯ ಎರಡು ಬಗೆಯ ಕೋಶಗಳು ಹೀಗೆ ಜೊತೆಯಾಗಿ ಸಿಗುವುದು ಅಪರೂಪ. ಮಲೇಷ್ಯಾದಲ್ಲಿ ಬೆಳೆಸಿದ ಓಆರ್‌ಎಲ್ ಸರಣಿಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದವರ ಗಡ್ಡೆಗಳಿಂದ ಬಂದ ತಳಿಗಳಿವೆ.

ಅಡಿಕೆಯ ವಿಚಾರ ಕರ್ನಾಟಕಕ್ಕೆ ನೇರವಾಗಿ ತಟ್ಟುವಂಥದ್ದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಇದು; ಮಲೆನಾಡು, ಕರಾವಳಿಯಲ್ಲಿ ಕವಳ ಹಾಕುವುದು ಆತಿಥ್ಯದ ಭಾಗ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಮೊದಲ ವರ್ಗಕ್ಕೆ ಸೇರಿಸಿದೆ. ಇದರ ಹಿಂದಿನ ಕಾರಣಗಳನ್ನು ಬಿಡಿಸುವಲ್ಲಿ ಕೋಶ ಕೃಷಿಯ ಪಾಲಿದೆ. 1980ರ ದಶಕದ ಪ್ರಯೋಗಗಳಲ್ಲಿ ಕೆನ್ನೆಯ ಫೈಬ್ರೊಬ್ಲಾಸ್ಟ್‌ಗಳಿಗೆ ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ರಾಸಾಯನಿಕ ಕೊಟ್ಟಾಗ ಅವು ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಹೆಚ್ಚು ತಯಾರಿಸಿದವು. ಬಾಯಿ ತೆರೆಯಲಾಗದಂತೆ ಕೆನ್ನೆ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಕಾಯಿಲೆಯಲ್ಲಿ ಆಗುವುದೂ ಕೊಲಾಜನ್ ಶೇಖರಣೆಯೇ. ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಬೇರೆ ಪ್ರಯೋಗಗಳಲ್ಲಿ ಪ್ರಮಾಣ ಹೆಚ್ಚಿಸಿದಾಗ ಅದೇ ಅರಿಕೋಲಿನ್ ಫೈಬ್ರೊಬ್ಲಾಸ್ಟ್‌ಗಳನ್ನು ಸಾಯಿಸಿತು. ಹಾಗಾಗಿ ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂಬುದನ್ನು ಹೇಳದ ಫಲಿತಾಂಶಕ್ಕೆ ಅರ್ಥವಿಲ್ಲ. ಹೊಗೆಸೊಪ್ಪಿಲ್ಲದೆ ಅಡಿಕೆ ಜಗಿಯುವ ರೂಢಿ ಇರುವ ತೈವಾನಿನಲ್ಲಿ ಸಂಶೋಧಕರು ಅಡಿಕೆ ಸಾರವನ್ನು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಿಗೆ ಕೊಟ್ಟು ನೋಡಿದ್ದಾರೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅವುಗಳ ಶಕ್ತಿ ಕುಗ್ಗಿತು. ಅಂದರೆ ಅಡಿಕೆ ಕೆನ್ನೆಯ ಕೋಶಗಳ ಜೊತೆಗೆ ಅವನ್ನು ಕಾಯುವ ಕೋಶಗಳ ಮೇಲೂ ಕೈ ಇಡುತ್ತದೆ.

ತಟ್ಟೆಯ ಮಿತಿಯೂ ಇಲ್ಲಿ ಎದ್ದು ಕಾಣುತ್ತದೆ. ಕವಳಕ್ಕೆ ಸುಣ್ಣ ಸೇರಿದಾಗ ಬಾಯಿ ಕ್ಷಾರೀಯವಾಗುತ್ತದೆ. ಅರಿಕೋಲಿನ್ ಅರಿಕೈಡಿನ್ ಎಂಬ ಬೇರೆ ರಾಸಾಯನಿಕವಾಗಿ ಬದಲಾಗುತ್ತದೆ. ಪೋಷಕ ದ್ರವದ ಪಿಎಚ್ ಅನ್ನು ಮಾತ್ರ 7.4ರ ಆಸುಪಾಸಿನಲ್ಲೇ ಹಿಡಿದಿಡಬೇಕು, ಇಲ್ಲವಾದರೆ ಕೋಶಗಳು ಬದುಕುವುದಿಲ್ಲ. ಮೂವತ್ತು ವರ್ಷ ಜಗಿದದ್ದನ್ನು ನಲವತ್ತೆಂಟು ಗಂಟೆಯ ಪ್ರಯೋಗ ಅನುಕರಿಸಲಾರದು.

ರೋಗನಿರೋಧಕ ಕೋಶಗಳನ್ನು ಈ ಚಿತ್ರಕ್ಕೆ ತರುವ ಬಗೆ ಹೀಗೆ. ರೋಗಿಯ ಅಥವಾ ದಾನಿಯ ರಕ್ತವನ್ನು ಫೈಕಾಲ್ ಎಂಬ ದಟ್ಟ ದ್ರಾವಣದ ಮೇಲೆ ಮೆಲ್ಲಗೆ ಎರೆದು ವೇಗವಾಗಿ ತಿರುಗಿಸಿದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುತ್ತವೆ, ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ, ನಡುವೆ ತೆಳ್ಳನೆಯ ಬಿಳಿ ಮಬ್ಬು ಪದರ ಉಳಿಯುತ್ತದೆ. ಟಿ ಕೋಶ, ಬಿ ಕೋಶ, ಎನ್‌ಕೆ ಕೋಶ, ಮಾನೊಸೈಟ್‌ಗಳೆಲ್ಲ ಆ ಪದರದಲ್ಲಿರುತ್ತವೆ. ಅದನ್ನು ಪಿಪೆಟ್‌ನಲ್ಲಿ ಹೀರಿ ತೆಗೆದು, ತೊಳೆದು, ಬೇಕಾದ ಬಗೆಯನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶಗಳಿರುವ ತಟ್ಟೆಗೆ ಸೇರಿಸುತ್ತಾರೆ. ಒಂದು ಕ್ಯಾನ್ಸರ್ ಕೋಶಕ್ಕೆ ಐದು, ಹತ್ತು, ಇಪ್ಪತ್ತು ದಾಳಿಕೋಶಗಳಂತೆ ಬೇರೆ ಬೇರೆ ಅನುಪಾತದಲ್ಲಿ ಇಟ್ಟು ಎಷ್ಟು ಕ್ಯಾನ್ಸರ್ ಕೋಶಗಳು ಸತ್ತವು ಎಂದು ಲೆಕ್ಕ ಹಾಕುತ್ತಾರೆ. 1960ರ ದಶಕದಿಂದ ಬಹುಕಾಲ ಇದಕ್ಕೆ ವಿಕಿರಣಶೀಲ ಕ್ರೋಮಿಯಂ ಬಳಸುತ್ತಿದ್ದರು: ಕ್ಯಾನ್ಸರ್ ಕೋಶಗಳಿಗೆ ಮೊದಲೇ ಕ್ರೋಮಿಯಂ ಉಣಿಸಿ, ಅವು ಒಡೆದಾಗ ದ್ರವಕ್ಕೆ ಸೋರಿದ ವಿಕಿರಣವನ್ನು ಅಳೆಯುವುದು. ಈಗ ಹೊಳೆಯುವ ಬಣ್ಣಗಳು, ಸೋರಿದ ಕಿಣ್ವದ ಅಳತೆ, ಗಂಟೆ ಗಂಟೆಗೂ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ ಆ ಕೆಲಸ ಮಾಡುತ್ತಿವೆ.

ಹೀಗೆ ನೋಡಿದಾಗ ತಿಳಿದ ಮುಖ್ಯ ಸಂಗತಿಯೆಂದರೆ ಕ್ಯಾನ್ಸರ್ ಕೋಶಗಳು ದಾಳಿಗೆ ಸುಮ್ಮನೆ ಮೈಯೊಡ್ಡಿ ಕೂರುವುದಿಲ್ಲ ಎಂಬುದು. ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್-ಗಾಮಾ ತಗುಲಿದರೆ ಸಾಕು, ಒಂದೆರಡು ದಿನಗಳಲ್ಲಿ ಬಾಯಿ ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತವೆ. ಅದು ಟಿ ಕೋಶದ ಮೇಲಿನ ಪಿಡಿ-1ಕ್ಕೆ ಕೊಂಡಿಯಾದಾಗ ಟಿ ಕೋಶ ತಣ್ಣಗಾಗುತ್ತದೆ. ದಾಳಿಯೇ ರಕ್ಷಣೆಗೆ ಕರೆಗಂಟೆಯಾಗುವ ವಿಚಿತ್ರ ಇದು. ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ ತಂಡ ಜಪಾನಿನ ತಸುಕು ಹೊಂಜೊ ಅವರದು. 2018ರಲ್ಲಿ ಜೇಮ್ಸ್ ಆ್ಯಲಿಸನ್ ಜೊತೆ ಅವರಿಗೆ ನೊಬೆಲ್ ಬಂತು. ಬೇರೆ ಕ್ಯಾನ್ಸರ್ ಕೋಶಗಳು ಇನ್ನೊಂದು ದಾರಿ ಹಿಡಿಯುತ್ತವೆ: ತಮ್ಮ ಗುರುತು ತೋರಿಸುವ ಎಚ್‌ಎಲ್‌ಎ ಅಣುಗಳನ್ನೇ ಮೈಮೇಲಿಂದ ಇಳಿಸಿಬಿಡುತ್ತವೆ. ಮ್ಯಾಕ್ರೊಫೇಜ್‌ಗಳನ್ನು ಕ್ಯಾನ್ಸರ್ ಕೋಶಗಳ ದ್ರವದಲ್ಲಿ ಬೆಳೆಸಿದರೆ ಅವು ದಾಳಿಯ ಸ್ವಭಾವ ಬಿಟ್ಟು ಗಾಯ ಮಾಯಿಸುವ, ಗಡ್ಡೆಗೆ ನೆರವಾಗುವ ಸ್ವಭಾವಕ್ಕೆ ಹೊರಳುವುದೂ ತಟ್ಟೆಗಳಲ್ಲಿ ಕಂಡಿದೆ.

ಬಾಯಿಯ ಬ್ಯಾಕ್ಟೀರಿಯಾಗಳೂ ಈ ಆಟದಲ್ಲಿವೆ. ಒಸಡಿನ ಕಾಯಿಲೆ ತರುವ ಪಾರ್ಫೈರೊಮೋನಾಸ್ ಜಿಂಜಿವಾಲಿಸ್ ಬಾಯಿ ಕ್ಯಾನ್ಸರ್ ಕೋಶಗಳಲ್ಲಿ ಪಿಡಿ-ಎಲ್1 ಹೆಚ್ಚಿಸುತ್ತದೆಂದು ಜರ್ಮನಿಯ ಸಂಶೋಧಕರು 2011ರಲ್ಲಿ ತೋರಿಸಿದರು. ಫ್ಯುಸೋಬ್ಯಾಕ್ಟೀರಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತನ್ನದೊಂದು ಪ್ರೋಟೀನಿನಿಂದ ಎನ್‌ಕೆ ಕೋಶಗಳ ಟಿಜಿಟ್ ಎಂಬ ಗ್ರಾಹಕಕ್ಕೆ ಅಂಟಿ ಅವನ್ನು ತಡೆಯುತ್ತದೆಂದು 2015ರಲ್ಲಿ ಇಸ್ರೇಲಿನಿಂದ ವರದಿ ಬಂತು.

ಜೊತೆಯಾಗಿ ಬೆಳೆಸುವುದು ಹೇಳಿದಷ್ಟು ಸಲೀಸಲ್ಲ. ಬಾಯಿಯ ಎಪಿಥೀಲಿಯಂ ಕೋಶಗಳ ಆಹಾರದಲ್ಲಿ ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್ ಇರುತ್ತದೆ. ಅದು ಆ ಕೋಶಗಳಿಗೆ ಹಿತ. ಆದರೆ ಹೈಡ್ರೊಕಾರ್ಟಿಸೋನ್ ಒಂದು ಸ್ಟೀರಾಯ್ಡ್, ಟಿ ಕೋಶಗಳನ್ನು ಮಂಕಾಗಿಸುವಂಥದ್ದು. ಅದೇ ದ್ರವದಲ್ಲಿ ಎರಡನ್ನೂ ಇಟ್ಟು, ಟಿ ಕೋಶ ಸೋತಿತು, ಕ್ಯಾನ್ಸರ್ ಗೆದ್ದಿತು ಎಂದು ಬರೆದರೆ ಅದು ಔಷಧದ ಪ್ರಭಾವವೋ ಕ್ಯಾನ್ಸರ್‌ನದೋ ಹೇಳುವವರಾರು? ಇನ್ನೂ ದೊಡ್ಡ ತೊಡಕು ಪರಕೀಯತೆಯದು. ಒಬ್ಬರ ಟಿ ಕೋಶಗಳು ಇನ್ನೊಬ್ಬರ ಕೋಶಗಳ ಎಚ್‌ಎಲ್‌ಎ ಬೇರೆ ಎಂಬ ಒಂದೇ ಕಾರಣಕ್ಕೆ ಅವುಗಳ ಮೇಲೆ ಬೀಳುತ್ತವೆ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸುವುದೂ ಇದರಿಂದಲೇ. ಅಮೆರಿಕದ ರೋಗಿಯೊಬ್ಬರಿಂದ ಬಂದ ಎಸ್‌ಸಿಸಿ-25ರ ಮೇಲೆ ಬೆಂಗಳೂರಿನ ದಾನಿಯ ಟಿ ಕೋಶ ಬಿಟ್ಟರೆ ಕೋಶಗಳು ಸಾಯಬಹುದು. ಅದು ಕ್ಯಾನ್ಸರ್ ವಿರುದ್ಧದ ಶಕ್ತಿ ಎಂದು ಖಚಿತವಾಗಿ ಹೇಳಲಾಗದು. ಕೊಲ್ಲುವ ಶಕ್ತಿಯನ್ನು ನಂಬುವಂತೆ ಅಳೆಯಬೇಕಾದರೆ ಗಡ್ಡೆ ಮತ್ತು ರಕ್ತ ಎರಡೂ ಒಬ್ಬರದೇ ಆಗಿರಬೇಕು. ಹಳೆಯ ಪ್ರಸಿದ್ಧ ತಳಿಗಳಲ್ಲಿ ಇದು ಸಾಧ್ಯವೇ ಇಲ್ಲ, ಆ ರೋಗಿಗಳ ರಕ್ತ ಯಾರ ಬಳಿಯೂ ಇಲ್ಲ. ಈ ಕಾರಣಕ್ಕೇ ಕೆಲವರು ಇಲಿಯ ತಳಿಗಳತ್ತ ಹೊರಳಿದ್ದಾರೆ. ಎಂಓಸಿ1 ಮತ್ತು ಎಂಓಸಿ2 ಒಂದೇ ಜಾತಿಯ ಇಲಿಗಳ ಬಾಯಿ ಕ್ಯಾನ್ಸರ್‌ಗಳು. ಮೊದಲನೆಯದರೊಳಗೆ ಟಿ ಕೋಶಗಳು ಧಾರಾಳವಾಗಿ ನುಗ್ಗುತ್ತವೆ, ಎರಡನೆಯದು ಅವನ್ನು ಹತ್ತಿರ ಬಿಟ್ಟುಕೊಳ್ಳದೆ ಬಿರುಸಾಗಿ ಹರಡುತ್ತದೆ.

ಚಪ್ಪಟೆ ತಟ್ಟೆಯ ಇನ್ನೊಂದು ದೋಷ ಅದರ ಆಕಾರದಲ್ಲೇ ಇದೆ. ಗಡ್ಡೆಗೆ ದಪ್ಪವಿದೆ, ಒಳಗೆ ಆಮ್ಲಜನಕ ಸಾಲದ ತಾವುಗಳಿವೆ. ರಕ್ತನಾಳದಿಂದ ಸುಮಾರು 100ರಿಂದ 200 ಮೈಕ್ರೊಮೀಟರ್ ಆಚೆಗೆ ಆಮ್ಲಜನಕ ತಲುಪುವುದು ಕಷ್ಟ. ತಳಕ್ಕೆ ಅಂಟಿಕೊಳ್ಳದಂತೆ ಕೋಶಗಳನ್ನು ಹನಿಯಲ್ಲಿ ತೂಗುಹಾಕಿದರೆ ಅವು ಉಂಡೆಗಟ್ಟುತ್ತವೆ. ಉಂಡೆ ಅರ್ಧ ಮಿಲಿಮೀಟರ್ ದಾಟಿದರೆ ಅದರ ನಡುವಿನ ಕೋಶಗಳು ಉಸಿರುಗಟ್ಟಿ ಸಾಯುತ್ತವೆ, ಗಡ್ಡೆಯಲ್ಲಿ ಆಗುವಂತೆಯೇ. ಟಿ ಕೋಶಗಳು ಈ ಉಂಡೆಯ ಒಳಕ್ಕೆ ಎಷ್ಟು ದೂರ ತೂರಬಲ್ಲವು ಎಂಬುದನ್ನು ಈಗ ನೋಡಬಹುದು. ಚಪ್ಪಟೆ ತಟ್ಟೆಯಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಫೈಬ್ರೊಬ್ಲಾಸ್ಟ್ ತುಂಬಿದ ಕೊಲಾಜನ್ ಪದರದ ಮೇಲೆ ಕ್ಯಾನ್ಸರ್ ಕೋಶ ಬಿತ್ತಿ, ಮೇಲ್ಮೈಯನ್ನು ಗಾಳಿಗೆ ತೆರೆದಿಟ್ಟು, ಅವು ಕೆಳಗೆ ಕೊರೆಯುವುದನ್ನು ಅಳೆಯುವ ಮಾದರಿಯೂ ಇದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ತೂಲಾ ಸಾಲೊ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗರ್ಭಾಶಯದಿಂದ ತೆಗೆದ, ಕ್ಯಾನ್ಸರ್ ಅಲ್ಲದ ಗಂಟುಗಳ ಬಿಲ್ಲೆಗಳನ್ನು ನೆಲವಾಗಿಸಿ ನಾಲಿಗೆ ಕ್ಯಾನ್ಸರ್ ಕೋಶಗಳನ್ನು ಬೆಳೆಸಿತು. ಕೋಶಗಳಿಗೆ ನೆಲವಾಗಿ ಸಾಮಾನ್ಯವಾಗಿ ಬಳಸುವ ಮ್ಯಾಟ್ರಿಜೆಲ್ ಎಂಬ ಜೆಲ್ಲು ಇಲಿಯ ಗಡ್ಡೆಯಿಂದ ಬಂದದ್ದು. ಇದು ಮನುಷ್ಯನದೇ ನೆಲ.

ಕಳೆದ ದಶಕದಲ್ಲಿ ಹೆಚ್ಚು ಮಾತಿಗೆ ಸಿಕ್ಕಿದ್ದು ಆರ್ಗನಾಯ್ಡ್‌ಗಳು. ರೋಗಿಯ ಗಡ್ಡೆಯ ಕೋಶಗಳು ಜೆಲ್ಲಿನೊಳಗೆ ತಾವೇ ಸಂಘಟಿತವಾಗಿ ಮೂಲ ಗಡ್ಡೆಯ ರಚನೆಯನ್ನು ಚಿಕ್ಕದಾಗಿ ಕಟ್ಟಿಕೊಳ್ಳುವ ಮಾದರಿ ಇದು. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ತಂಡ 2019ರಲ್ಲಿ 31 ತಲೆ–ಕುತ್ತಿಗೆ ಕ್ಯಾನ್ಸರ್ ಆರ್ಗನಾಯ್ಡ್‌ಗಳನ್ನು ವರದಿ ಮಾಡಿತು. ಆರ್ಗನಾಯ್ಡ್‌ನಲ್ಲಿ ಕ್ಯಾನ್ಸರ್ ಚೆನ್ನಾಗಿ ಉಳಿಯುತ್ತದೆ, ಬಿಳಿ ರಕ್ತಕಣಗಳು ಉಳಿಯುವುದಿಲ್ಲ. ಅವನ್ನು ಹೊರಗಿನಿಂದ ಸೇರಿಸಬೇಕು. ಸ್ಟ್ಯಾನ್‌ಫರ್ಡ್‌ನ ಕ್ಯಾಲ್ವಿನ್ ಕುವೊ ತಂಡ 2018ರಲ್ಲಿ ಗಡ್ಡೆಯ ತುಣುಕನ್ನು ಬಿಡಿಸದೆ, ಅದರೊಳಗಿನ ಟಿ ಕೋಶಗಳ ಸಮೇತ ಗಾಳಿ ಮತ್ತು ದ್ರವದ ಗಡಿಯಲ್ಲಿ ಬೆಳೆಸುವ ವಿಧಾನ ತೋರಿಸಿತು. ಅದೇ ವರ್ಷ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ರೋಗಿಯದೇ ಆರ್ಗನಾಯ್ಡ್ ಜೊತೆ ರೋಗಿಯದೇ ರಕ್ತಕೋಶಗಳನ್ನು ಬೆಳೆಸಿ, ಗಡ್ಡೆಯನ್ನು ಗುರುತಿಸಿ ದಾಳಿಮಾಡುವ ಟಿ ಕೋಶಗಳನ್ನು ಪಳಗಿಸಲಾಯಿತು. ಅದು ನಡೆದದ್ದು ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ, ಬಾಯಿಯದರಲ್ಲಿ ಅಲ್ಲ.

ಬೆಂಗಳೂರಿನಿಂದ ಬಂದ ಒಂದು ಕೆಲಸವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮಿತ್ರ ಬಯೋಟೆಕ್ ಎಂಬ ಸಂಸ್ಥೆ ರೂಪಿಸಿದ ಕ್ಯಾನ್‌ಸ್ಕ್ರಿಪ್ಟ್ ವಿಧಾನದಲ್ಲಿ ಕೋಶಗಳನ್ನು ಬಿಡಿಸುವುದಿಲ್ಲ. ಗಡ್ಡೆಯ ತೆಳು ಹೋಳುಗಳನ್ನು ಆ ಗಡ್ಡೆಯ ಬಗೆಗೆ ಹೊಂದುವ ಪ್ರೋಟೀನುಗಳ ಹಾಸಿನ ಮೇಲೆ, ರೋಗಿಯದೇ ರಕ್ತಸಾರದಲ್ಲಿ ಕೆಲವು ದಿನ ಬದುಕಿಸಿ ಔಷಧ ಕೊಟ್ಟು ನೋಡುತ್ತಾರೆ. ತಲೆ–ಕುತ್ತಿಗೆ ಮತ್ತು ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಮಾಡಿದ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಕೋಶ, ಫೈಬ್ರೊಬ್ಲಾಸ್ಟ್, ಬಿಳಿ ರಕ್ತಕಣ ಇರುವಲ್ಲೇ ಇರುವ ಮಾದರಿ ಇದು. ಹೋಳು ಹೆಚ್ಚು ದಿನ ಬದುಕುವುದಿಲ್ಲ, ಮತ್ತೆ ಬೆಳೆಯುವುದೂ ಇಲ್ಲ; ಆದರೂ ರೋಗಿಗೆ ಹತ್ತಿರವಾದದ್ದು ಯಾವುದು ಎಂದು ಕೇಳಿದರೆ ಹಳೆಯ ನಾಲಿಗೆ ತಳಿಗಳಿಗಿಂತ ಇದೇ. ಫಿನ್ಲೆಂಡಿನಲ್ಲೂ 2019ರಲ್ಲಿ ಕೂದಲೆಳೆಯಂಥ ಕಾಲುವೆಗಳ ಚಿಪ್‌ನಲ್ಲಿ ರೋಗಿಯ ರಕ್ತಸಾರ, ರೋಗಿಯ ಬಿಳಿ ರಕ್ತಕಣಗಳನ್ನಿಟ್ಟು ಔಷಧ ಪರೀಕ್ಷಿಸಿದರು. ಪ್ರತಿಕ್ರಿಯೆ ರೋಗಿಯಿಂದ ರೋಗಿಗೆ ಬೇರೆಯಾಗಿತ್ತು.

ಇಷ್ಟು ಶ್ರಮ ಯಾಕೆ ಬೇಕು ಎಂಬುದಕ್ಕೆ ಆಸ್ಪತ್ರೆಯ ಅಂಕಿಗಳೇ ಉತ್ತರ. ಪಿಡಿ-1 ತಡೆಯುವ ನಿವೊಲುಮ್ಯಾಬ್ ಔಷಧಕ್ಕೆ ಮರುಕಳಿಸಿದ ತಲೆ–ಕುತ್ತಿಗೆ ಕ್ಯಾನ್ಸರ್‌ನಲ್ಲಿ ಅಮೆರಿಕ 2016ರಲ್ಲಿ ಅನುಮತಿ ಕೊಟ್ಟಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಗಡ್ಡೆ ಕುಗ್ಗಿದ್ದು ಶೇ 13.3 ರೋಗಿಗಳಲ್ಲಿ ಮಾತ್ರ. ಬದುಕಿನ ಮಧ್ಯಾಂಕ ಅವಧಿ 5.1 ತಿಂಗಳಿಂದ 7.5 ತಿಂಗಳಿಗೆ ಏರಿತು. ಔಷಧ ವಿಪರೀತ ದುಬಾರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 151 ರೋಗಿಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಅನ್ನು ಅಗ್ಗದ ಮಾತ್ರೆಗಳ ಜೊತೆ ಸೇರಿಸಿದಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಮಾಮೂಲಿ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಭಾರತದ ರೋಗಿಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಇತ್ತೀಚೆಗೆ ಬಂದಿಲ್ಲ. ಆದರೂ ಯಾರಿಗೆ ಈ ಔಷಧ ಕೆಲಸ ಮಾಡುತ್ತದೆ, ಯಾರಿಗೆ ಮಾಡದು ಎಂದು ಮೊದಲೇ ಹೇಳುವ ಭರವಸೆಯ ಪರೀಕ್ಷೆ ಇನ್ನೂ ಕೈಗೆ ಸಿಕ್ಕಿಲ್ಲ. ಕೋಶ ಕೃಷಿಯ ಮುಂದಿನ ಗುರಿ ಅದೇ.

ಕಾನೂನು ಕೂಡ ಈ ದಿಕ್ಕಿಗೆ ತಿರುಗಿದೆ. ಔಷಧ ಪರೀಕ್ಷೆಗೆ ಪ್ರಾಣಿಗಳ ಬದಲು ಕೋಶ ಮಾದರಿ, ಆರ್ಗನಾಯ್ಡ್, ಚಿಪ್‌ಗಳ ಫಲಿತಾಂಶ ಬಳಸಲು ಅಮೆರಿಕ 2022ರ ಕೊನೆಯಲ್ಲಿ, ಭಾರತ 2023ರಲ್ಲಿ ನಿಯಮ ತಿದ್ದಿ ಅವಕಾಶ ಕೊಟ್ಟಿವೆ. ಕೋಶ ತಳಿಗಳನ್ನು ಕಾಪಿಟ್ಟು ಹಂಚಲು ಪುಣೆಯಲ್ಲಿ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವಿದೆ. ತಂತ್ರಜ್ಞಾನ ಇದೆ, ಭಂಡಾರ ಇದೆ, ರೋಗಿಗಳಂತೂ ಬೇಕಾದಷ್ಟಿದ್ದಾರೆ. ಇಲ್ಲದಿರುವುದು ಕೆನ್ನೆ–ಒಸಡಿನ ಗಡ್ಡೆ, ಅದೇ ರೋಗಿಯ ರಕ್ತ ಮತ್ತು ಎಷ್ಟು ವರ್ಷ ಏನು ಜಗಿದರು ಎಂಬ ಪ್ರಾಮಾಣಿಕ ದಾಖಲೆ, ಈ ಮೂರೂ ಒಟ್ಟಿಗಿರುವ ಸಂಗ್ರಹ. ಶಸ್ತ್ರಚಿಕಿತ್ಸೆಯ ದಿನ ತೆಗೆದ ಗಡ್ಡೆಯಲ್ಲಿ ರೋಗನಿರ್ಣಯಕ್ಕೆ ಬೇಕಾದದ್ದು ಹೋಗಿ ಉಳಿದ ಚೂರು, ರಕ್ತದ ಒಂದು ಸಣ್ಣ ನಳಿಕೆ ಇದಕ್ಕೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅದನ್ನು ಬಳಸಲು ಸಾಮಾನ್ಯವಾಗಿ ರೋಗಿಯ ತಿಳಿವಳಿಕೆಯ ಒಪ್ಪಿಗೆ ಬೇಕು. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರಿಗೆ ಆದದ್ದು ಇನ್ನಾರಿಗೂ ಆಗಬಾರದು. ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಗಳು ಆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಅನುಮಾನಗಳಿಗೆ ಉತ್ತರ ಕೊಟ್ಟು, ಬಾಯಿ ಕ್ಯಾನ್ಸರ್‌ನ ಪ್ರತಿಯೊಬ್ಬ ರೋಗಿಯನ್ನೂ ಕೇಳುವ ಪದ್ಧತಿ ಇಟ್ಟುಕೊಳ್ಳಬೇಕು; ಕೇಳಿದಾಗ ಮನಸ್ಸು ಒಪ್ಪಿದವರು ಹೂಂ ಎನ್ನಬೇಕು.